ಮೂರು ಸಲ ಕೇಳಬೇಕು

ಕೇಳಿಸಿಕೊಂಡು ಉತ್ತರ ಬರೆಯುವ ಮೊದಲ ಪರೀಕ್ಷೆಯಲ್ಲಿ ನನ್ನ ತರಗತಿಯ ಏಳೂ ಜನ ಹೆಂಗಸರು ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದಿದ್ದರು. ಕಾಪಿ ಹೊಡೆದಿದ್ದಾರೆ ಎಂದುಕೊಂಡೆ. ಆ ಕೆಲಸದಲ್ಲಿ ನನಗೂ ಹಳೆಯ ಅನುಭವವಿರುವುದರಿಂದ ಅನುಮಾನ ಬೇಗ ಬರುತ್ತದೆ.

ಮೊಬೈಲಿನಲ್ಲಿ ನಾನು ಕೇಳಿಸಿದ ಇಂಗ್ಲಿಷ್ ಸಂಭಾಷಣೆ ಹೀಗಿತ್ತು. ಒಬ್ಬಾಕೆ ಪಕ್ಕದ ಮನೆಗೆ ಹೋಗುತ್ತಾಳೆ. ಆ ಮನೆಯಾಕೆ, ಕಾಫಿ ಕುಡಿಯುತ್ತೀರಾ ಎಂದು ಕೇಳುತ್ತಾಳೆ. ಬಂದವಳು 'ನೋ, ಥ್ಯಾಂಕ್ ಯು' ಅನ್ನುತ್ತಾಳೆ. ಆಮೇಲೆ ಇಬ್ಬರೂ ಕಿಟಕಿಯ ಪರದೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಎರಡು ನಿಮಿಷ ಮಾತಾಡುತ್ತಾರೆ. ಬಂದವಳು ಎದ್ದು ಹೋಗುತ್ತಾಳೆ. ಅಷ್ಟೇ. ಪ್ರಶ್ನೆ: ಅತಿಥಿ ಕಾಫಿ ಕುಡಿದರೇ? ಏಳು ಹಾಳೆಗಳಲ್ಲೂ 'ಯೆಸ್' ಎಂದಿತ್ತು. ಒಬ್ಬರಂತೂ 'ಯೆಸ್, ಗುಡ್ ಕಾಫಿ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು.

ಎಲ್ಲರನ್ನೂ ದೂರ ದೂರ ಕೂರಿಸಿ ಇನ್ನೊಮ್ಮೆ ಕೇಳಿಸಿದೆ. ಮತ್ತೆ ಏಳು ಯೆಸ್.

"ಸರಿಯಾಗಿ ಕೇಳಿಸ್ಕೊಂಡ್ರಾ? ಬಂದವಳು ಬೇಡ ಅಂದ್ಲೋ ಇಲ್ವೋ?" ಎಂದೆ.

"ಅಂದ್ಲು," ಎಂದರು ಒಟ್ಟಿಗೆ.

"ಮತ್ತೆ ಕುಡಿದ್ಲು ಅಂತ ಹೇಗೆ ಬರೆದ್ರಿ?"

ಕಾಲೇಜು ಹುಡುಗರಿಗೆ ಮೆಸ್ ನಡೆಸುವ ಹೆಂಗಸೊಬ್ಬರಿದ್ದರು. ನಮ್ಮಲ್ಲಿ ಹಿರಿಯರು, ಬಾಯಿ ಜೋರು. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. "ಮೇಡಂ, ಒಂದ್ಸಲ ಬೇಡ ಅಂದ್ರೆ ಬೇಡ ಅಂತಾನಾ? ಅಂಗಂದ್ಕೊಂಡಿದ್ರೆ ಇಷ್ಟೊತ್ಗೆ ಮೈಸೂರಲ್ಲಿ ಯಾರೂ ಯಾರ ಮನೇಲೂ ಕಾಫಿ ಕುಡೀತಾನೇ ಇರ್ಲಿಲ್ಲ."

"ಎರಡನೇ ಸಲ ಕೇಳಿದ್ದು ರೆಕಾರ್ಡಿಂಗ್‌ನಲ್ಲಿ ಎಲ್ಲೂ ಇಲ್ವಲ್ರೀ."

"ಅದನ್ನ ರೆಕಾರ್ಡ್ ಮಾಡಿರಲ್ಲ ಬುಡಿ. ಅಡುಗೆಮನೆಯಿಂದ ಕೇಳಿರ್ತಾಳೆ."

ಬ್ಲೌಸ್ ಹೊಲಿಯುವ ಇನ್ನೊಬ್ಬರು ಪುರಾವೆ ಒದಗಿಸಿದರು. "ಪರದೆ ವಿಷ್ಯ ಎರಡು ನಿಮಿಷ ಮಾತಾಡಿದ್ರಲ್ಲ ಮೇಡಂ. ಕೈಯಲ್ಲಿ ಲೋಟ ಇಲ್ದೆ ಪರದೆ ಬಗ್ಗೆ ಯಾರು ಅಷ್ಟೊತ್ತು ಮಾತಾಡ್ತಾರೆ?"

ಕೊನೆಗೆ ಹಿಂದಿನ ಬೆಂಚಿನಿಂದ, ನರ್ಸಿಂಗ್ ಹೋಮಿನಲ್ಲಿ ದುಡಿಯುವ ಆಯಮ್ಮ ಮೆಲ್ಲಗೆ ಹೇಳಿದರು. "ಕುಡಿಸ್ದೇ ಕಳ್ಸಿದ್ರೆ ಆ ಮನೆಯೋರು ಸರಿ ಇಲ್ಲ ಅಂತ ಆಯ್ತದೆ. ಪುಸ್ತಕ ಮಾಡೋರು ಅಂಥೋರ್ನ ಯಾಕೆ ಹಾಕ್ತಾರೆ?"

ಆದರೂ ಏಳು ಹಾಳೆಗಳ ಮೇಲೂ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಹಾಕುವಾಗ, ತಪ್ಪು ಮಾಡುತ್ತಿರುವುದು ನಾನೇ ಇರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು.

ತರಗತಿ ನಡೆಯುತ್ತಿದ್ದುದು ವಿದ್ಯಾರಣ್ಯಪುರಂನ ಒಂದು ಮಹಡಿಯ ಮೇಲಿನ ಕೋಣೆಯಲ್ಲಿ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆಯವರೆಗೆ. ಹೆಂಗಸರಿಗೆ ಅಡುಗೆ ಮುಗಿದು ಮಕ್ಕಳು ಬರುವ ಮುಂಚೆ ಸಿಗುವ ಸಮಯ ಅದೊಂದೇ. ಒಂದು ಟ್ರಸ್ಟಿನವರು ಕೋಣೆ ಕೊಟ್ಟಿದ್ದರು, ಪುಸ್ತಕ ಕೊಟ್ಟಿದ್ದರು, ಆರು ತಿಂಗಳ ಕೊನೆಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟನ್ನೂ ಕೊಡುತ್ತಿದ್ದರು. ಓದುವುದು, ಬರೆಯುವುದು, ಮಾತಾಡುವುದು, ಕೇಳಿಸಿಕೊಳ್ಳುವುದು. ನಾಲ್ಕರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಒಂದರಲ್ಲಿ ಹೋದರೆ ಉಳಿದ ಮೂರೂ ಹೋದಂತೆ.

ನನ್ನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಯಾರೂ ಕೇಳದಿದ್ದರೂ ಹೇಳುವುದು ನನ್ನ ಅಭ್ಯಾಸ. ಅಪ್ಪನದು ಉದಯಗಿರಿಯಲ್ಲಿ ಸೈಕಲ್ ಶಾಪು. ನಾನು ಮೊದಲು ಓದಿದ ಇಂಗ್ಲಿಷ್ ಗದ್ಯ ಪಂಕ್ಚರ್ ಹಾಕುವ ಸೊಲ್ಯೂಷನ್ ಟ್ಯೂಬಿನ ಮೇಲಿನದು. ಜಾಗ ಚೊಕ್ಕಟ ಮಾಡಿ, ತೆಳ್ಳಗೆ ಸವರಿ, ಐದು ನಿಮಿಷ ಕಾಯಿರಿ, ಒತ್ತಿ ಹಿಡಿಯಿರಿ. ಅಷ್ಟು ಚೆಂದದ ವಾಕ್ಯಗಳನ್ನು ಆಮೇಲೆ ಕಾಲೇಜಿನ ಪಠ್ಯದಲ್ಲಿ ನಾನು ಹೆಚ್ಚು ನೋಡಲಿಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ಎರಡು ಸಲ ಹೋಯಿತು. ಮೂರನೇ ಸಲ ಪಾಸಾದಾಗ ಅಪ್ಪ ಎದುರಿಗಿದ್ದ ಸೈಕಲ್ಲಿನ ಚಕ್ರದ ಬೆಂಡು ಅವತ್ತು ತೆಗೆಯಲಿಲ್ಲ, ಅಂಗಡಿ ಮುಚ್ಚಿ ಮನೆಗೆ ಬಂದು ಸುಮ್ಮನೆ ಕೂತರು. ಆಮೇಲೆ ಬಿ.ಎಡ್. ಮಾಡಿದೆ. ಹೆಸರಿನ ಮುಂದೆ ಎರಡನ್ನೂ ಬರೆಯುತ್ತೇನೆ, ಗ್ಯಾಸ್ ಬುಕ್ ಮಾಡುವಾಗಲೂ.

ಮೊದಲ ಕೆಲಸದ ಸಂದರ್ಶನ ಇನ್ನೂ ನೆನಪಿದೆ. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಒಳಗೆ ಕರೆದು ಕೂರಿಸಿ, ಬಿಸ್ಕತ್ತಿನ ತಟ್ಟೆ ತೋರಿಸಿ, ತಗೊಳ್ಳಿ ಎಂದರು. ಬೇಡ ಸರ್ ಎಂದೆ. ಅವರು ತಟ್ಟೆಯನ್ನು ಪಕ್ಕದ ಹುಡುಗಿಯ ಮುಂದಕ್ಕೆ ತಳ್ಳಿದರು. ಅವಳು ಯಾವುದೋ ದೊಡ್ಡ ಊರಿನಲ್ಲಿ ಓದಿ ಬಂದವಳು, ಥ್ಯಾಂಕ್ ಯು ಎಂದು ಮೂರು ತಿಂದಳು. ಸಂದರ್ಶನ ಪೂರ್ತಿ ನಾನು ಆ ತಟ್ಟೆಯನ್ನೇ ನೋಡುತ್ತಿದ್ದೆ. ಕೆಲಸವೂ ಅವಳಿಗೇ ಸಿಕ್ಕಿತು. ಆದ್ದರಿಂದ ನನ್ನ ಏಳು ಯೆಸ್‌ಗಳು ಎಲ್ಲಿಂದ ಬಂದವು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಂತೆ ನಟಿಸಿ ಸೊನ್ನೆ ಹಾಕಿದ್ದೆ, ಅಷ್ಟೇ. ಮೇಡಂ ಆದವರು ಕೆಲವು ಸಲ ಹಾಗೆ ಮಾಡಬೇಕಾಗುತ್ತದೆ.

ಆಯಮ್ಮನನ್ನು ಬಿಟ್ಟು ಉಳಿದ ಆರು ಜನರಿಗೆ ಸರ್ಟಿಫಿಕೇಟು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಪ್ರಪಂಚವೇನೂ ಮುಳುಗುತ್ತಿರಲಿಲ್ಲ. ಮೆಸ್ಸಿನವರು ಬರುತ್ತಿದ್ದುದು ಊಟದ ಹುಡುಗರು ಇಂಗ್ಲಿಷಿನಲ್ಲಿ ಸಾರಿನ ಬಗ್ಗೆ ಏನು ಆಡಿಕೊಳ್ಳುತ್ತಾರೆ ಎಂದು ತಿಳಿಯಲು. ಆಯಮ್ಮನ ವಿಷಯ ಬೇರೆ. ಅವರು ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಇಪ್ಪತ್ತು ವರ್ಷ ದುಡಿದಿದ್ದರು. ಅಲ್ಲಿ ಎಲ್ಲರೂ ಆಯಮ್ಮ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಎಸ್ಸೆಸ್ಸೆಲ್ಸಿ ಪಾಸು. ಬೆಳಗಿನ ಆರರಿಂದ ಎರಡರವರೆಗೆ ನೆಲ ಒರೆಸಿ, ಸ್ಟ್ರೆಚರ್ ತಳ್ಳಿ, ಹಾಸಿಗೆ ಬದಲಾಯಿಸಿ, ಅಲ್ಲಿಂದ ನೇರ ತರಗತಿಗೆ. ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತುತ್ತಿದ್ದರು.

ನರ್ಸಿಂಗ್ ಹೋಮಿನ ಮುಂದಿನ ಕೌಂಟರಿನಲ್ಲಿ, ಬಂದವರ ಹೆಸರು ಬರೆದುಕೊಂಡು ದಾರಿ ಹೇಳುವ ಜಾಗ ಖಾಲಿಯಾಗಲಿತ್ತು. ಇಂಗ್ಲಿಷ್ ಸರ್ಟಿಫಿಕೇಟು ತಂದರೆ ನೋಡೋಣ ಎಂದು ಮೇಲಿನವರು ಹೇಳಿದ್ದರಂತೆ. ತರಗತಿಗೆ ಸೇರಿದ ದಿನವೇ ಯಾಕೆ ಇಂಗ್ಲಿಷ್ ಕಲಿಯುತ್ತೀರಿ ಎಂದು ಎಲ್ಲರನ್ನೂ ಕೇಳಿದ್ದೆ. ಒಬ್ಬರು ಮೊಮ್ಮಗಳ ಜೊತೆ ಮಾತಾಡೋಕೆ ಎಂದರು, ಇನ್ನೊಬ್ಬರು ಜ್ಞಾನಕ್ಕೆ ಎಂದರು. ಆಯಮ್ಮ, "ಕೂತ್ಕೊಳ್ಳೋಕೆ" ಎಂದರು.

"ಏನು?"

"ಕೌಂಟರ್‌ನಲ್ಲಿ ಕುರ್ಚಿ ಐತೆ ಮೇಡಂ. ನಂಗೆ ಇಂಗ್ಲಿಷ್ ಏನೂ ಬೇಕಿಲ್ಲ. ಆ ಕುರ್ಚಿ ಬೇಕು. ಇಂಗ್ಲಿಷು ಅದ್ರ ಮುಂದೆ ಅಡ್ಡ ನಿಂತದೆ."

ಇಷ್ಟು ಸ್ಪಷ್ಟವಾಗಿ ಕಲಿಕೆಯ ಉದ್ದೇಶ ಹೇಳಿದವರನ್ನು ಬಿ.ಎಡ್. ಕಾಲೇಜಿನಲ್ಲೂ ನಾನು ಕಂಡಿರಲಿಲ್ಲ.

ಹಾಗಾಗಿ ನಾನು ಹಟ ಹಿಡಿದೆ. ಈ ಏಳು ಜನರಿಗೆ ಮೊದಲು ಕಲಿಸಬೇಕಾದ್ದು ಇಂಗ್ಲಿಷಲ್ಲ, ನಾಚಿಕೆ ಬಿಡುವುದು ಎಂದು ತೀರ್ಮಾನಿಸಿದೆ. ಕೇಳಿದ ಕೂಡಲೇ ಒಪ್ಪಿಕೊಳ್ಳಬೇಕು. ಒಂದೇ ಸಲಕ್ಕೆ. ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರಲು ಶುರು ಮಾಡಿದೆ. ಒಬ್ಬೊಬ್ಬರನ್ನೇ ಮುಂದೆ ಕರೆದು, 'ವುಡ್ ಯು ಲೈಕ್ ಸಮ್ ಕಾಫಿ?' ಎನ್ನುವುದು. 'ಯೆಸ್, ಪ್ಲೀಸ್' ಎಂದವರಿಗೆ ಲೋಟ. 'ನೋ' ಎಂದವರ ಕಣ್ಣೆದುರೇ ಅವರ ಪಾಲನ್ನು ನಾನು ಕುಡಿಯುವುದು.

ಮೊದಲ ದಿನ ನಾನು ಏಳು ಲೋಟ ಕುಡಿದೆ. ಎರಡನೇ ದಿನವೂ ಏಳು. ನಿದ್ದೆ ಹಾರಿಹೋಯಿತು, ಪಾಠದ ವೇಗ ಹೆಚ್ಚಿತು. ನಾಲ್ಕನೇ ದಿನ ಮೆಸ್ಸಿನವರು ಸೋತರು. "ಯೆಸ್ ಪ್ಲೀಸ್, ಕೊಡಿ ಅತ್ಲಾಗೆ, ತಣ್ಗಾಗ್ತದೆ," ಎಂದು ಲೋಟ ಕಿತ್ತುಕೊಂಡರು. ಒಂದು ಗುಟುಕು ಕುಡಿದು, "ಚಿಕೋರಿ ಜಾಸ್ತಿ," ಎಂದರು. ಅವರಾದ ಮೇಲೆ ಒಬ್ಬೊಬ್ಬರಾಗಿ ದಾರಿಗೆ ಬಂದರು. ಬ್ಲೌಸ್ ಹೊಲಿಯುವವರಂತೂ ಎಷ್ಟು ಚೆನ್ನಾಗಿ ಕಲಿತರೆಂದರೆ, ನಾದಿನಿಯ ಮನೆಯಲ್ಲಿ ಊಟಕ್ಕೇಳಿ ಎಂದ ಕೂಡಲೇ ಎದ್ದು ಹೋಗಿ ಊಟಕ್ಕೆ ಕೂತರಂತೆ. ಆ ಮನೆಯವರು ಸುಮ್ಮನೆ ಬಾಯಿಮಾತಿಗೆ ಕರೆದಿದ್ದರು. ಅನ್ನ ಇರಲಿಲ್ಲ.

"ನಿಮ್ಮಿಂದ ನನ್ನ ಮರ್ಯಾದೆ ಹೋಯ್ತು ಮೇಡಂ," ಎಂದು ಬಂದು ಕೂತರು.

"ಅವರದ್ದು ಹೋಯ್ತು ಕಣ್ರೀ, ನಿಮ್ಮದಲ್ಲ," ಎಂದೆ. ಒಳಗೊಳಗೇ ಹೆಮ್ಮೆ. ಇದು ಪಾಠ ಮನೆಗೆ ತಲುಪಿದ್ದಕ್ಕೆ ಸಾಕ್ಷಿ.

ಆಯಮ್ಮ ಮಾತ್ರ ಬಗ್ಗಲಿಲ್ಲ. ದಿನಾ ಬೇಡ ಎನ್ನುವರು, ನಾನು ಅವರೆದುರಿಗೇ ಕುಡಿಯುವೆ, ಅವರು ನನ್ನನ್ನು ಮರುಕದಿಂದ ನೋಡುವರು. ಓದುವ ಪಾಠದಲ್ಲೂ ಅದೇ ಕಥೆ. ಊಟದ ಮೇಜಿನ ಮೇಲೆ ಎಲ್ಲ ಇಟ್ಟಿದೆ, ನೀವೇ ಬಡಿಸಿಕೊಳ್ಳಿ ಎಂದು ಆತಿಥೇಯರು ಹೇಳುತ್ತಾರೆ. ಮುಂದೆ ಅತಿಥಿ ಏನು ಮಾಡಿದರು ಎಂಬ ಪ್ರಶ್ನೆಗೆ ಆಯಮ್ಮ ಬರೆದ ಉತ್ತರ: ಕಾಯುತ್ತಾ ನಿಂತರು. ಬರೆಯುವ ಪಾಠದಲ್ಲಿ, ಗೆಳತಿಯ ಮನೆಯ ಗೃಹಪ್ರವೇಶಕ್ಕೆ ಬರಲಾಗುವುದಿಲ್ಲ ಎಂದು ಪತ್ರ ಬರೆಯಬೇಕಿತ್ತು. 'ಖಂಡಿತ ಬರುತ್ತೇನೆ' ಎಂದು ಬರೆದರು.

"ಬರಲ್ಲ ಅಂತ ಬರೀಬೇಕು ಆಯಮ್ಮ. ಅದೇ ಪ್ರಶ್ನೆ."

"ಗೃಹಪ್ರವೇಶಕ್ಕೆ ಕರುದ್ರೆ ಬರಲ್ಲ ಅಂತಾರಾ? ಬರ್ತೀನಿ ಅಂದು ಹೋಗ್ದಿದ್ರಾಯ್ತು."

ಇನ್ನೊಮ್ಮೆ ಬರೆಸಿದೆ. ಈ ಸಲ ತುಂಬ ಹೊತ್ತು ಯೋಚಿಸಿ, 'ನನಗೆ ಬರಲಾಗುವುದಿಲ್ಲ, ನನ್ನ ಬದಲು ನನ್ನ ಅಕ್ಕ ಮತ್ತು ಅವರ ಮನೆಯ ಐದು ಜನ ಬರುತ್ತಾರೆ' ಎಂದು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆದರು. ಪಾಸು ಮಾಡುವಷ್ಟು ಅಂಕ ಕೊಟ್ಟೆ. ಭಾಷೆ ಸರಿಯಿತ್ತು. ಗೆಳತಿಯ ಪಾಡು ಅವಳಿಗೆ.

ಪರೀಕ್ಷೆಗೆ ಹತ್ತು ದಿನವಿರುವಾಗ ಅವರನ್ನು ಒಬ್ಬರನ್ನೇ ಉಳಿಸಿಕೊಂಡು ಗದರಿದೆ. "ನೋಡಿ, ಮಾತಾಡೋ ಪರೀಕ್ಷೆಲಿ ಪಾಸಾಗ್ದಿದ್ರೆ ಕುರ್ಚಿ ಇಲ್ಲ. ಯೆಸ್ ಪ್ಲೀಸ್ ಅನ್ನಿ ಸಾಕು. ಎರಡು ಮಾತು. ನಿಮಗೇನು ಕಷ್ಟ?"

"ಅಂತೀನಿ ಬುಡಿ ಮೇಡಂ. ಪರೀಕ್ಷೆಲಿ ಅಂದ್ಬುಡ್ತೀನಿ. ನಿಮ್ಮತ್ರ ಅನ್ನೋಕೆ ನಾಚಿಕೆ, ಅಷ್ಟೇ. ನೀವು ಗೊತ್ತಿರೋರು."

ಪರೀಕ್ಷೆ ನಡೆದದ್ದು ಜಯಲಕ್ಷ್ಮಿಪುರಂನ ಒಂದು ಹಳೆಯ ಮನೆಯಲ್ಲಿ. ಪರೀಕ್ಷಕಿ ಆ ಮನೆಯವರೇ, ನಿವೃತ್ತ ಇಂಗ್ಲಿಷ್ ಅಧ್ಯಾಪಕಿ. ಅವರ ತಾತ ಅರಮನೆಯ ಕಚೇರಿಯಲ್ಲಿದ್ದವರಂತೆ, ಗೋಡೆಯ ಮೇಲೆ ಪೇಟ ಕಟ್ಟಿದವರ ಚಿತ್ರಗಳು ಸಾಲಾಗಿದ್ದವು. ನನ್ನ ಹೆಂಗಸರು ಅವನ್ನೆಲ್ಲ ನೋಡಿ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದಿದ್ದರು. ಪರೀಕ್ಷಕಿ ನಡುಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಉಳಿದವರ ಓದುವ ಪರೀಕ್ಷೆ ನೋಡಿಕೊಳ್ಳುತ್ತಿದ್ದೆ. ಬಾಗಿಲು ತೆರೆದಿತ್ತು. ಕಿವಿಯನ್ನು ಆ ಕಡೆಯೇ ಇಟ್ಟಿದ್ದೆ ಎಂದು ಬೇರೆ ಹೇಳಬೇಕಿಲ್ಲ.

ಮೆಸ್ಸಿನವರು ಹೋದರು. ಕಾಫಿ ಕುಡಿಯುತ್ತೀರಾ ಎಂದು ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು. 'ಯೆಸ್, ಪ್ಲೀಸ್.' ಆಮೇಲೆ ನಿಶ್ಶಬ್ದ. ಪರೀಕ್ಷಕಿಗೆ ಮುಂದೇನು ಕೇಳಬೇಕೋ ತಿಳಿಯಲಿಲ್ಲ ಅನ್ನಿಸುತ್ತದೆ. ಹವಾಮಾನದ ಬಗ್ಗೆ ಏನೋ ಕೇಳಿದರು, ಅದಕ್ಕೂ ಒಂದು ಯೆಸ್ ಬಂತು. ಬ್ಲೌಸ್ ಹೊಲಿಯುವವರು ಹೋದರು. ಅಲ್ಲೂ ಅದೇ ಯೆಸ್ ಪ್ಲೀಸ್, ಅದೇ ನಿಶ್ಶಬ್ದ. ಆರು ಜನರ ಸಂಭಾಷಣೆಗಳೂ ನಾನು ತಿದ್ದಿದ ಹಾಗೇ ನಡೆದು, ಶುರುವಾದ ಕೂಡಲೇ ಮುಗಿದವು. ನಾನು ಒಳ್ಳೆಯ ಮೇಡಂ ಎಂದು ಬೀಗುತ್ತಾ ಕೂತಿದ್ದೆ.

ಕೊನೆಗೆ ಆಯಮ್ಮ. ಕೂತ್ಕೊಳ್ಳಿ ಎಂದದ್ದಕ್ಕೆ, ಪರವಾಗಿಲ್ಲ ಎಂದದ್ದು ಕೇಳಿತು. ಇಲ್ಲಿಗೇ ಕೆಟ್ಟಿತು ಎಂದುಕೊಂಡೆ. ಪ್ರಶ್ನೆ ಬಂತು.

"ನೋ ಮೇಡಂ," ಎಂದರು ಆಯಮ್ಮ.

ನಾನು ಹಣೆ ಹಿಡಿದುಕೊಂಡೆ. ಆದರೆ ಪರೀಕ್ಷಕಿ ಸುಮ್ಮನಾಗಲಿಲ್ಲ. ಎಷ್ಟು ಇಂಗ್ಲಿಷ್ ಓದಿದ್ದರೂ ಮೈಸೂರಿನ ಮನೆಯಲ್ಲಿ ಬೆಳೆದವರು. ಯಾಕೆ, ಸ್ವಲ್ಪ ಕುಡಿಯಿರಿ ಎಂದರು ಇಂಗ್ಲಿಷಿನಲ್ಲೇ. ಇಲ್ಲ, ಈಗ ತಾನೇ ಕುಡಿದು ಬಂದೆ ಎಂದರು ಇವರು, ಇಂಗ್ಲಿಷಿನಲ್ಲೇ. ಎಲ್ಲಿ ಕುಡಿದಿರಿ? ನಮ್ಮ ಮನೆಯಲ್ಲಿ. ಮನೆ ಎಲ್ಲಿ? ವಿದ್ಯಾರಣ್ಯಪುರಂ. ಅಷ್ಟು ದೂರದಿಂದ ಬಂದಿದ್ದೀರಿ, ಹಾಗೇ ಕಳಿಸಿದರೆ ಚೆನ್ನಾಗಿರುತ್ತದೆಯೇ? ನಿಮಗೆ ಸುಮ್ಮನೆ ತೊಂದರೆ. ನನಗೆಂಥ ತೊಂದರೆ, ಡಿಕಾಕ್ಷನ್ ಇದೆ, ಹಾಲೂ ಇದೆ. ಹಾಗಾದರೆ ಅರ್ಧ ಲೋಟ ಮಾತ್ರ. ಸಕ್ಕರೆ? ನಿಮ್ಮ ಮನೆಯಲ್ಲಿ ಹೇಗೋ ಹಾಗೆ. ಹಾಗೆಲ್ಲ ಸಂಕೋಚ ಬೇಡ, ಹೇಳಿ. ಕಡಿಮೆ ಹಾಕಿ.

ಹತ್ತು ನಿಮಿಷ ನಡೆಯಿತು. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ, ಕಾರಣ, ನೆಪ, ಉಪಚಾರ. ನನ್ನ ಕೋಣೆಯಲ್ಲಿದ್ದವರು ಉತ್ತರ ಬರೆಯುವುದು ಬಿಟ್ಟು ಕೇಳುತ್ತಿದ್ದರು. ಕೊನೆಗೆ ಪರೀಕ್ಷಕಿ ಎದ್ದು ಹೋಗಿ ನಿಜವಾದ ಕಾಫಿಯನ್ನೇ ಮಾಡಿಸಿ ತಂದರು. ಯೆಸ್ ಪ್ಲೀಸ್ ಎಂದ ಆರು ಜನರಿಗೂ ಒಂದು ಹನಿ ಸಿಕ್ಕಿರಲಿಲ್ಲ.

ಎಲ್ಲ ಮುಗಿದ ಮೇಲೆ ಪರೀಕ್ಷಕಿ ನನ್ನನ್ನು ಕರೆದು ಕನ್ನಡದಲ್ಲಿ ಕೇಳಿದರು. "ಏನಮ್ಮ, ಇವರಿಗೆಲ್ಲ ಹೀಗೆ ಹೇಳ್ಕೊಟ್ಟಿದ್ದು ಯಾರು? ಕೇಳಿದ ತಕ್ಷಣ ಯೆಸ್ ಪ್ಲೀಸ್ ಅಂತಾರೆ. ನಂಗೆ ಮುಂದೆ ಮಾತೇ ಹೊರಡ್ಲಿಲ್ಲ. ಆ ಕೊನೇಲಿ ಬಂದೋರು ನೋಡಿ, ಅವರೊಬ್ಬರು ಮಾತಾಡಿದ್ರು."

"ಪುಸ್ತಕದಲ್ಲಿ ಹಾಗಿದೆ ಮೇಡಂ," ಎಂದು ಪುಸ್ತಕದ ಮೇಲೆ ಹಾಕಿದೆ.

ಏಳೂ ಜನ ಪಾಸಾದರು. ಮಾತಾಡುವ ಪರೀಕ್ಷೆಯಲ್ಲಿ ಆಯಮ್ಮನಿಗೇ ಮೊದಲ ಸ್ಥಾನ, ಉಳಿದವರಿಗೆಲ್ಲ ದಡ ಮುಟ್ಟುವಷ್ಟು. ಕೇಳಿಸಿಕೊಳ್ಳುವ ಪರೀಕ್ಷೆಯಲ್ಲಿ ಮತ್ತೊಂದು ಮನೆಯ ಮತ್ತೊಂದು ಕಾಫಿ ಬಂದಿತ್ತು. ಆಯಮ್ಮ ಅಲ್ಲಿ 'ನೋ' ಎಂದೇ ಬರೆದಿದ್ದರು. "ಬರುದೆ ಮೇಡಂ, ನೀವು ಹೇಳಿದ್ರಿ ಅಂತ. ಆದ್ರೆ ಪಾಪ, ಒಣ ಬಾಯಲ್ಲಿ ಹೋದ್ಲು ಅವಳು," ಎಂದರು.

ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿಕೊಂಡು ಅವರು ಸೋಮವಾರ ನರ್ಸಿಂಗ್ ಹೋಮಿಗೆ ಹೋದರು. ಬುಧವಾರ ನನ್ನ ಕೋಣೆಗೆ ಬಂದಾಗ ಮುಖ ಸಪ್ಪಗಿತ್ತು. ಹೊಸ ತಂಡದ ಪಾಠ ಶುರುವಾಗಿರಲಿಲ್ಲ, ಹಳಬರೇ ಅಭ್ಯಾಸಬಲದಿಂದ ಬಂದು ಕೂತಿದ್ದರು.

"ಏನಾಯ್ತು? ಸರ್ಟಿಫಿಕೇಟ್ ತೋರಿಸಿದ್ರಾ?"

"ತೋರ್ಸಿದೆ."

ನರ್ಸಿಂಗ್ ಹೋಮಿಗೆ ಹೊಸ ಮ್ಯಾನೇಜರ್ ಬಂದಿದ್ದರು. ಉತ್ತರದ ಕಡೆಯ ಹುಡುಗ, ಮೈಸೂರಿಗೆ ಬಂದು ಎರಡು ತಿಂಗಳು, ಕನ್ನಡ ಬರುವುದಿಲ್ಲ. ಒಳ್ಳೆಯ ಮನುಷ್ಯ. ಸರ್ಟಿಫಿಕೇಟನ್ನು ಪೂರ್ತಿ ಓದಿ, ಬಹಳ ಸಂತೋಷ ಎಂದು ಕೈ ಕುಲುಕಿ, ಒಂದನೇ ತಾರೀಖಿನಿಂದ ಕೌಂಟರಿನಲ್ಲಿ ಕೂರಲು ಇಷ್ಟವೇ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ.

"ಮತ್ತೇನು? ನೀವೇನಂದ್ರಿ?"

ಆಯಮ್ಮ ನೆಲ ನೋಡಿದರು. "ನೋ ಸರ್, ಪರವಾಗಿಲ್ಲ ಸರ್ ಅಂದೆ."

ಮೆಸ್ಸಿನವರು ಕಣ್ಣು ಮುಚ್ಚಿಕೊಂಡರು.

"ಅವರೇನಂದ್ರು?" ಎಂದೆ.

"ಓಕೆ ಅಂದ್ರು. ಹೊಂಟೋದ್ರು." ಅವರ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. "ಎರಡ್ನೇ ಸಲ ಕೇಳ್ಲೇ ಇಲ್ಲ ಮೇಡಂ. ನಿನ್ನೆ ಪೂರ್ತಿ ಅವರ ರೂಮಿನ ಮುಂದೇನೇ ಒರೆಸ್ತಾ ಇದ್ದೆ, ಈಗ ಕೇಳ್ತಾರೆ ಆಗ ಕೇಳ್ತಾರೆ ಅಂತ. ನೆಲ ಚೆನ್ನಾಗಿ ಒರೆಸ್ತೀರಿ ಅಂದ್ರು."

"ಅಲ್ಲ ಆಯಮ್ಮ, ಆರು ತಿಂಗಳು ನಾನು ಏನು ಬಡ್ಕೊಂಡೆ? ಫ್ಲಾಸ್ಕ್ ಫ್ಲಾಸ್ಕ್ ಕಾಫಿ ಕುಡಿದು ನನ್ನ ಹೊಟ್ಟೆ ಹುಣ್ಣಾಯ್ತು."

"ಜಯಲಕ್ಷ್ಮಿಪುರಂನೋರು ಕೇಳಿದ್ರಲ್ಲ ಮೇಡಂ, ಮೂರು ಸಲ. ಇಂಗ್ಲಿಷ್‌ನಲ್ಲೂ ಅಂಗೇ ಅಂತ ಗ್ಯಾನ ಬಂದ್ಬುಡ್ತು."

ಪರೀಕ್ಷೆಯಲ್ಲಿ ಅವರಿಗೆ ಮೊದಲ ಸ್ಥಾನ ಕೊಟ್ಟಿದ್ದೇ ಆ ನೋ.

ಶನಿವಾರ ಬೇರೆ ಒಬ್ಬ ಹುಡುಗಿಯನ್ನು ಆ ಜಾಗಕ್ಕೆ ಸಂದರ್ಶನ ಮಾಡುತ್ತಾರಂತೆ. ನಮಗಿದ್ದದ್ದು ಎರಡು ದಿನ.

"ನಾಳೆ ಬೆಳಗ್ಗೆ ನೇರ ಹೋಗಿ, ಕುರ್ಚಿ ನಂಗೆ ಬೇಕು ಅನ್ನಿ," ಎಂದೆ.

"ಸಾಯ್ಲಾ ಮೇಡಂ? ನಾನಾಗೇ ಹೋಗಿ ಕೇಳೋದಾ?"

"ಇಪ್ಪತ್ತು ವರ್ಷ ದುಡ್ದಿದ್ದೀಯ, ಕೇಳೋಕೇನೇ ಧಾಡಿ?" ಮೆಸ್ಸಿನವರು ಸಿಟ್ಟಿನಲ್ಲಿ ಏಕವಚನಕ್ಕೆ ಇಳಿದಿದ್ದರು.

"ನೀನು ಹೋಗಿ ಊಟ ಹಾಕಿ ಅಂತ ಯಾರ್ ಮನೇಲಾದ್ರೂ ಕೇಳ್ತೀಯೇನಕ್ಕ?"

"ನಾನ್ಯಾಕೆ ಕೇಳ್ಲಿ, ನಂದೇ ಮೆಸ್ಸೈತೆ."

ನಾನು ಇವರ ಜಗಳದ ನಡುವೆ ಕೂತು ಒಂದು ಪತ್ರ ಬರೆದೆ. ನನ್ನ ಬಿ.ಎ., ಬಿ.ಎಡ್. ಎರಡನ್ನೂ ಸುರಿದು ಬರೆದೆ. ತಾವು ದಯಮಾಡಿ ಕರುಣಿಸಿದ ಅವಕಾಶವನ್ನು ಅನಿವಾರ್ಯ ಕಾರಣಗಳಿಂದ ಸ್ವೀಕರಿಸಲಾಗದೆ ಹೋದುದಕ್ಕೆ ವಿಷಾದಿಸುತ್ತಾ, ಮರುಪರಿಶೀಲನೆಗೆ ವಿನಂತಿಸುತ್ತಾ, ಹೀಗೆ ಒಂದು ಪುಟ. ಆಯಮ್ಮ ಬೆರಳಿಟ್ಟು ಓದಿದರು. ಪೂರ್ತಿ ಓದಿದರು, ಅದು ನನಗೆ ಹೆಮ್ಮೆ. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟರು.

"ಇದು ನಿಮ್ಮ ಇಂಗ್ಲಿಷ್ ಮೇಡಂ. ಅವರಿಗೆ ಗೊತ್ತಾಗ್ಬುಡ್ತದೆ. ಅಲ್ದೆ ಇದ್ರಲ್ಲಿ ನಾನು ಬೇಡ್ತಾ ಇದೀನಿ."

"ಮತ್ತೆ ನೀವೇ ಬರೀರಿ."

ಬರೆದರು. ಹಿಂದಿನ ಬೆಂಚಿಗೆ ಹೋಗಿ, ನಮಗೆ ಬೆನ್ನು ಹಾಕಿ ಬರೆದರು. ಮುಗಿಸಿ ತಂದು ತೋರಿಸಿದ ಇಂಗ್ಲಿಷ್ ಪತ್ರ ಐದೇ ಸಾಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ಸರ್, ನೀವು ಸೋಮವಾರ ಒಂದು ಸಲ ಕೇಳಿದಿರಿ. ನಾನು ನೋ ಎಂದೆ. ಮೈಸೂರಿನಲ್ಲಿ ಮೂರು ಸಲ ಕೇಳಬೇಕು. ಇನ್ನು ಎರಡು ಬಾಕಿ ಇದೆ. ಶುಕ್ರವಾರ ಹನ್ನೊಂದು ಗಂಟೆಗೆ ನಾನು ಕೆಳಗಿನ ಲಿಫ್ಟಿನ ಹತ್ತಿರ ಇರುತ್ತೇನೆ.'

ನನ್ನ ಕೈ ಕೆಂಪು ಪೆನ್ನಿಗೆ ಹೋಯಿತು. ದಯವಿಟ್ಟು ಇಲ್ಲ, ವಂದನೆ ಇಲ್ಲ, ಬಾಕಿ ಎನ್ನುವುದು ಸಾಲ ವಸೂಲಿಯ ಹಾಗಿದೆ. ಮ್ಯಾನೇಜರಿಗೆ ಆಯಾ ಹೀಗೆ ಬರೆಯುವುದುಂಟೇ? ಓದಿದವಳಾಗಿ ತಿದ್ದಬೇಕಿತ್ತು. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಆರು ತಿಂಗಳಲ್ಲಿ ಆ ಕೋಣೆಯಲ್ಲಿ ಯಾರಾದರೂ ತಮಗೆ ಬೇಕಾದ್ದನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು ಈ ಐದು ಸಾಲು.

"ಸರಿ ಐತಾ ಮೇಡಂ?"

"ಸರಿಯಾಗಿದೆ," ಎಂದೆ. "ಆದ್ರೆ ಒಂದು ಮಾತು. ಎರಡನೇ ಸಲ ಕೇಳಿದ ಕೂಡ್ಲೇ ಒಪ್ಕೊಂಡ್ಬಿಡಿ. ಮೂರನೇದಕ್ಕೆ ಕಾಯ್ಬೇಡಿ. ಅವರು ನಮ್ಮ ಕಡೆಯೋರಲ್ಲ."

"ಆಗ್ಲಿ," ಎಂದರು.

ಗುರುವಾರ ಬೆಳಗ್ಗೆ ಪತ್ರ ಕೊಟ್ಟರು. ಶುಕ್ರವಾರ ಹನ್ನೊಂದು ಗಂಟೆಗೆ ನಾನು ಮನೆಯಲ್ಲಿ ಕೂರಲಾಗದೆ, ನಿಲ್ಲಲೂ ಆಗದೆ, ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡೆ. ಮ್ಯಾನೇಜರ್ ಪತ್ರ ಓದಿ ನಗುತ್ತಾರೋ, ಸಿಟ್ಟಾಗುತ್ತಾರೋ, ಕೆಲಸದಿಂದಲೇ ತೆಗೆಯುತ್ತಾರೋ. ತಿದ್ದದೆ ಬಿಟ್ಟವಳು ನಾನು. ಇದ್ದ ಕೆಲಸವೂ ಹೋದರೆ ಪಾಪ ನನ್ನ ತಲೆಗೆ.

ಎರಡೂವರೆಗೆ ಆಯಮ್ಮ ಬಂದರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಎಂದಿನ ಹಾಗೇ ಎರಡೆರಡು ಸಲ ಕೇಳಿಸಿತು, ಅದರಿಂದ ಏನೂ ತಿಳಿಯಲಿಲ್ಲ. ಬಂದು, ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ನಾವೆಲ್ಲ ಸುತ್ತ ನಿಂತಿದ್ದೆವು.

"ಬಂದ್ರಾ?" ಎಂದರು ಬ್ಲೌಸ್ ಹೊಲಿಯುವವರು.

"ಬಂದ್ರು. ಹನ್ನೊಂದಕ್ಕೆ ಸರಿಯಾಗಿ ಲಿಫ್ಟ್‌ನಲ್ಲಿ ಇಳುದ್ರು. ಕೈಯಲ್ಲಿ ನನ್ನ ಕಾಗದ."

"ಕೇಳಿದ್ರಾ?"

"ಕೇಳಿದ್ರು."

"ನೀವು ಯೆಸ್ ಅಂದ್ರಿ ತಾನೇ?" ಎಂದೆ.

"ಎಂಗನ್ಲಿ ಮೇಡಂ? ಕಾಗದದಲ್ಲಿ ಮೂರು ಅಂತ ನಾನೇ ಬರ್ದು, ಎರಡಕ್ಕೇ ಒಪ್ಪಿದ್ರೆ ಏನಂದ್ಕೊತಾರೆ? ನೋ ಸರ್, ಇರ್ಲಿ ಸರ್, ಬೇರೆ ಯಾರಿಗಾದ್ರೂ ಕೊಡಿ ಸರ್ ಅಂದೆ."

ಮೆಸ್ಸಿನವರು ಅಲ್ಲೇ ಕುಸಿದು ಕೂತರು. ನನಗೆ ಅಳುವೋ ನಗುವೋ ತಿಳಿಯಲಿಲ್ಲ.

"ಅವರು ಕಾಗದ ನೋಡಿದ್ರು. ಒಂದು, ಎರಡು ಅಂತ ಬೆರಳು ಎಣ್ಸಿದ್ರು. ಆಮೇಲೆ ಕೈ ಮುಗುದ್ರು ಮೇಡಂ, ದೊಡ್ಡೋರು, ನನಗೆ ಕೈ ಮುಗುದು, ಪ್ಲೀಸ್ ಆಯಮ್ಮ, ಪ್ಲೀಸ್ ಟೇಕ್ ದಿ ಚೇರ್ ಅಂದ್ರು. ಇಷ್ಟೊಂದು ಹೇಳ್ತಿದೀರಿ, ಆಯ್ತು ಸರ್ ಅಂದೆ. ಇಂಗ್ಲಿಷ್‌ನಲ್ಲೇ ಅಂದೆ. ಒಂದ್ನೇ ತಾರೀಕಿಂದ ಕೂರ್ಬೇಕಂತೆ. ಹುಡ್ಗಿಗೆ ಶನಿವಾರ ಬರ್ಬೇಡ ಅಂತ ಫೋನ್ ಮಾಡ್ಸಿದ್ರು, ನನ್ನ ಮುಂದೆನೇ."

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ಯಾರೋ ಅವರ ಬೆನ್ನಿಗೆ ಗುದ್ದಿದರು.

"ನಿಮಗೇನಾದ್ರೂ ಬುದ್ಧಿ ಐತಾ?" ಎಂದೆ, ಉದಯಗಿರಿಯ ಬಾಯಿ ತಾನಾಗಿ ಬಂದಿತ್ತು. "ಎರಡನೇ ನೋ ಕೇಳಿ ಅವರು ಓಕೆ ಅಂತ ಹೊರಟೋಗಿದ್ರೆ ಏನು ಮಾಡ್ತಿದ್ರಿ?"

ಆಯಮ್ಮ ನನ್ನನ್ನು ನೋಡಿದರು, ದಿನಾ ನಾನು ಅವರ ಪಾಲಿನ ಕಾಫಿ ಕುಡಿಯುವಾಗ ನೋಡುತ್ತಿದ್ದ ಹಾಗೆ.

"ಎಲ್ಲೋಗ್ತಾರೆ ಮೇಡಂ? ಲಿಫ್ಟ್ ಬಾಗ್ಲಿಗೆ ಅಡ್ಡ ಸ್ಟ್ರೆಚರ್ ನಿಲ್ಸಿದ್ದೆ."